ಅಕ್ಕನ ಗೊಂಬೆಯ ಕಣ್ಣು

ಸತ್ತವರಿಗೆಲ್ಲ ಮೀಸೆ ದಪ್ಪ ಇರುತ್ತದೆ. ಸಮಾಧಿಗಳ ಮೇಲೆ ಸಿಮೆಂಟಿನ ಗೊಂಬೆ ಮಾಡುತ್ತ ನಾನು ಕಲಿತ ಮೊದಲ ಪಾಠ ಇದು. ಬದುಕಿದ್ದಾಗ ಮೂಗಿನ ಕೆಳಗೆ ನಾಲ್ಕು ಕೂದಲು ಬಿಟ್ಟುಕೊಂಡು ಓಡಾಡಿದ ಮನುಷ್ಯನಾದರೂ ಸರಿ, ಮಕ್ಕಳು ಬಂದು ಮೀಸೆ ಗಟ್ಟಿಯಾಗಿ ಬರಲಿ ಮೇಷ್ಟ್ರೇ ಎನ್ನುತ್ತಾರೆ. ತಂದುಕೊಡುವುದು ಆಧಾರ್ ಕಾರ್ಡಿನ ಫೋಟೋ. ಅದರಲ್ಲಿ ಮೀಸೆ ಹಾಗಿರಲಿ, ಮೂಗೂ ನೆಟ್ಟಗೆ ಕಾಣುವುದಿಲ್ಲ. ಹೆಗಲಿಗೆ ಟವೆಲ್ಲು ಬೇಕು, ಕೈಗೆ ಗಡಿಯಾರ ಬೇಕು, ಹಣೆಗೆ ವಿಭೂತಿ ಬೇಕು. ಬದುಕಿದ್ದಷ್ಟು ದಿನ ಅಪ್ಪನನ್ನು ಊಟಕ್ಕೆ ಕರೆಯದ ಮಗನೊಬ್ಬ ಸಿಮೆಂಟಿನ ಅಪ್ಪನಿಗೆ ಹೊಟ್ಟೆ ಸ್ವಲ್ಪ ಮುಂದೆ ಬರಲಿ ಎಂದು ಕೇಳಿದ್ದ. ನಾನು ಮಾಡಿಕೊಟ್ಟೆ. ಸತ್ತ ಮೇಲಾದರೂ ಆ ಮುದುಕ ಹೊಟ್ಟೆ ತುಂಬ ಉಂಡವನಂತೆ ಕಾಣಲಿ ಎನ್ನಿಸಿತು.

ನಾನು ಚಳ್ಳಕೆರೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವನು. ಸರ್ಕಾರಿ ಶಾಲೆಯ ಮಕ್ಕಳಿಗೆ ಹೂಜಿ, ಬಾಳೆಹಣ್ಣು ಬರೆಸಿಯೇ ನಿವೃತ್ತನಾಗುತ್ತಿದ್ದೆನೋ ಏನೋ, ಬೇಸಿಗೆ ರಜೆಗಳಲ್ಲಿ ಒಬ್ಬ ಮುದುಕನ ಕೈಕೆಳಗೆ ಸಿಕ್ಕಿಬಿದ್ದೆ. ಅವನು ರಾಯದುರ್ಗದ ಕಡೆಯವನು, ಗುಡಿಯ ಗೋಪುರಕ್ಕೆ ಗಾರೆಯ ಗೊಂಬೆ ಮಾಡುವವನು. ಅರ್ಧ ತೆಲುಗು, ಅರ್ಧ ಕನ್ನಡ ಆಡುತ್ತಿದ್ದ, ಬೈಯುವುದಕ್ಕೆ ಮಾತ್ರ ಎರಡನ್ನೂ ಪೂರ್ತಿ ಬಳಸುತ್ತಿದ್ದ. ಕಂಬಿ ಕಟ್ಟುವುದು, ಜಾಲರಿ ಸುತ್ತುವುದು, ಗಾರೆ ಹದ ಮಾಡುವುದು ಎಲ್ಲ ಅವನಿಂದ ಕಲಿತದ್ದು. ಗೋಪುರದ ಕೆಲಸ ವರ್ಷಕ್ಕೊಂದು ಬಂದರೆ ಹೆಚ್ಚು. ಸಮಾಧಿಯ ಕೆಲಸಕ್ಕೆ ಬರವಿಲ್ಲ. ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವ ಬಸ್ಸಿನಲ್ಲಿ ಕೂತು ಹೊರಗೆ ನೋಡಿದರೆ ಶೇಂಗಾ ಹೊಲಗಳ ಮೂಲೆಯಲ್ಲಿ ನಾಲ್ಕು ಕಂಬದ ಮಂಟಪ, ಅದರೊಳಗೆ ಬಣ್ಣ ಬಳಿದ ಗಂಡ ಹೆಂಡತಿ. ಅವರಲ್ಲಿ ಹಲವರು ನನ್ನ ಕೈಯಿಂದ ಎದ್ದವರು.

ನಮ್ಮ ಕಡೆಯ ಮನೆತನಗಳಲ್ಲಿ ಹೆಣವನ್ನು ಕೂರಿಸಿ ಹೂಳುತ್ತಾರೆ, ಚಕ್ಕಳಮಕ್ಕಳ ಹಾಕಿಸಿ, ಕೈ ಮೊಣಕಾಲ ಮೇಲಿಟ್ಟು. ಆದ್ದರಿಂದ ನಾನು ಮಾಡುವ ಗೊಂಬೆಗಳೂ ಹಾಗೆಯೇ ಕೂತಿರುತ್ತವೆ. ಕೆಳಗೆ ಒಬ್ಬರು, ಅವರ ನೇರ ಮೇಲೆ ಅವರೇ. ಕೆಳಗಿನವರು ಕರಗುತ್ತಾರೆ, ಮೇಲಿನವರು ಉಳಿಯುತ್ತಾರೆ. ಹೊಸದಾಗಿ ಈ ಕೆಲಸ ಹಿಡಿದಾಗ ಇದನ್ನು ನೆನೆದರೆ ಊಟ ಸೇರುತ್ತಿರಲಿಲ್ಲ. ಆಮೇಲೆ ಆ ಮಂಟಪದ ನೆರಳಿನಲ್ಲೇ ಬುತ್ತಿ ಬಿಚ್ಚಿ ಉಣ್ಣತೊಡಗಿದೆ.

ಸತ್ತವರ ಕಲ್ಲನ್ನು ಹೇಗೆ ನೋಡಬೇಕೆಂದು ನನಗೆ ತೋರಿಸಿದ್ದು ಮಾತ್ರ ಆ ಮುದುಕನಲ್ಲ, ನನ್ನ ಅಕ್ಕ. ನಮ್ಮದು ದೇವಸಮುದ್ರ. ಅವ್ವ ಹೊಲಕ್ಕೆ ಹೋದರೆ ನನ್ನನ್ನು ಸಂಭಾಳಿಸುವವಳು ಅಕ್ಕ, ನನಗಿಂತ ಹತ್ತು ವರ್ಷ ದೊಡ್ಡವಳು. ಶಾಲೆಯ ದಾರಿಯಲ್ಲಿ ಒಂದು ಮಾಸ್ತಿಕಲ್ಲು ಇತ್ತು. ಗಂಡನ ಚಿತೆಗೆ ಬಿದ್ದ ಹೆಂಗಸಿಗೆ ಹಿಂದಿನವರು ನೆಡುತ್ತಿದ್ದ ಕಲ್ಲು. ಒಂದು ಕಂಬ, ಕಂಬದಿಂದ ಮೇಲೆ ಎದ್ದ ಒಂದು ತೋಳು, ತೋಳಿನ ತುಂಬ ಬಳೆ, ಬೆರಳ ಸಂದಿಯಲ್ಲಿ ನಿಂಬೆಹಣ್ಣು. ಅಷ್ಟೇ. ಅವಳ ಮುಖ ಎಲ್ಲಿ ಎಂದು ಕೇಳಿದೆ. ಅಕ್ಕ ನನ್ನ ಕೈ ಹಿಡಿದು ಎಳೆಯುತ್ತ, 'ಮುಖ ತಗಂಡು ಏನ್ ಮಾಡ್ತಾರೋ? ಬಳೆ ಇತ್ತು ಅಂತ ಗೊತ್ತಾದ್ರೆ ಸಾಕು' ಎಂದಳು. ಆಗ ಅವಳಿಗೆ ಹದಿನಾರೋ ಹದಿನೇಳೋ. ಮುಂದಿನ ವರ್ಷ ಅವಳನ್ನು ಮೊಳಕಾಲ್ಮೂರಿನ ಹತ್ತಿರದ ಹಳ್ಳಿಗೆ ಕೊಟ್ಟರು.

ಈಗ ಕಣ್ಣಿನ ವಿಷಯ ಹೇಳಬೇಕು. ಇದು ತಿಳಿಯದಿದ್ದರೆ ನಾನು ಮಾಡಿದ ಅನ್ಯಾಯವೂ ತಿಳಿಯುವುದಿಲ್ಲ.

ಗೊಂಬೆಯ ಮೈಯೆಲ್ಲ ಮುಗಿದ ಮೇಲೆ ಕೊನೆಗೆ ಕಣ್ಣು. ಅಲ್ಲಿಯವರೆಗೆ ರೆಪ್ಪೆಯ ಜಾಗ ನುಣ್ಣಗೆ ಇರುತ್ತದೆ. ಕಣ್ಣು ಬಿಡಿಸಿದ ದಿನ ಎದುರಿಗೆ ಎಡೆ ಇಡಲೇಬೇಕು. 'ಕಳ್ಳು ತೆರಿಸ್ತೇ ಆಕಲಿ ವೇಸ್ತುಂದಿ' ಎಂದು ತೆಲುಗಿನಲ್ಲಿ ಹೇಳುತ್ತಿದ್ದ ನನ್ನ ಗುರು, ಆ ರಾಯದುರ್ಗದ ಮುದುಕ. ಕಣ್ಣು ತೆರೆದರೆ ಹಸಿವಾಗುತ್ತದೆ. ಒಮ್ಮೆ ತೆರೆದರೆ ಮುಗಿಯಿತು, ಆಮೇಲೆ ಅಮಾವಾಸ್ಯೆ ಅಮಾವಾಸ್ಯೆಗೆ ಎಡೆ ತಪ್ಪಿಸುವಂತಿಲ್ಲ. ಗಂಡ ಹೋಗಿ ಹೆಂಡತಿ ಇದ್ದರೆ, ಅಥವಾ ಹೆಂಡತಿ ಹೋಗಿ ಗಂಡ ಇದ್ದರೆ, ಜೋಡಿ ಹೊಂದಲಿ ಎಂದು ಇಬ್ಬರ ಗೊಂಬೆಯನ್ನೂ ಒಟ್ಟಿಗೆ ಮಾಡಿಸುತ್ತಾರೆ. ಆಗ ಸತ್ತವರಿಗೆ ಮಾತ್ರ ಕಣ್ಣು. ಬದುಕಿದ್ದವರ ಗೊಂಬೆ ಕಣ್ಣಿಲ್ಲದೆ ಕಾಯುತ್ತ ಕೂತಿರುತ್ತದೆ. ಅವರೂ ಹೋದ ಮೇಲೆ, ಹನ್ನೊಂದನೆಯ ದಿನ, ನನ್ನನ್ನು ಕರೆಸುತ್ತಾರೆ. ನಾನು ಹೋಗಿ ಹೊಸ ಗಾರೆ ಮೆತ್ತಿ ಕಣ್ಣು ಬಿಡಿಸಿ ಬರುತ್ತೇನೆ. ಬದುಕಿದ್ದವರಿಗೆ ಎರಡು ಕಡೆ ಹಸಿವಾಗಬಾರದು ಎಂಬುದು ಲೆಕ್ಕ.

ನಾನು ಇದನ್ನು ನಂಬುತ್ತಿರಲಿಲ್ಲ. ಮಕ್ಕಳಿಗೆ ಮೂಢನಂಬಿಕೆಯ ಮೇಲೆ ಭಾಷಣ ಮಾಡುತ್ತಿದ್ದ ಮೇಷ್ಟ್ರು ನಾನು. ಆದರೆ ಗಿರಾಕಿಗಳ ಮನೆಯಲ್ಲಿ ಬಾಯಿ ಮುಚ್ಚಿಕೊಂಡು ನಿಯಮ ಪಾಲಿಸುತ್ತಿದ್ದೆ. ನನಗೆ ಬೇಸರವಾಗುತ್ತಿದ್ದುದು ಬೇರೆ ಕಾರಣಕ್ಕೆ. ಕಣ್ಣು ಚೆನ್ನಾಗಿ ಬರುವುದು ಮೇಲ್ಗಾರೆ ಹಸಿಯಿರುವಾಗ. ವರ್ಷಗಟ್ಟಲೆ ಒಣಗಿದ ಮುಖಕ್ಕೆ ಆಮೇಲೆ ಮೆತ್ತಿದ ಕಣ್ಣು ಎಷ್ಟು ಹುಷಾರಾಗಿ ಮಾಡಿದರೂ ಅಂಟಿಸಿದ ಹಾಗೆಯೇ ಕಾಣುತ್ತದೆ.

ಭಾವ ತೀರಿಕೊಂಡದ್ದು ಮೂರು ವರ್ಷದ ಹಿಂದೆ. ಒಳ್ಳೆಯ ಮನುಷ್ಯ, ಮಾತು ಕಡಿಮೆ, ಮೀಸೆ ನಿಜವಾಗಿಯೂ ದಪ್ಪ. ಅವರಿಗೆ ಇರುವುದು ಒಬ್ಬನೇ ಮಗ, ನನ್ನ ಅಳಿಯ. ಅವನು ಬಂದು ಅಪ್ಪ ಅವ್ವ ಇಬ್ಬರನ್ನೂ ನೀವೇ ಮಾಡಿಕೊಡಿ ಮಾವ ಎಂದ. ಬೇರೆ ಯಾರಿಗೆ ಕೊಟ್ಟಿದ್ದರೂ ನಾನೇ ಜಗಳ ತೆಗೆಯುತ್ತಿದ್ದೆ. ಶಿವರಾತ್ರಿ ಕಳೆದ ಮೇಲೆ ಹೋಗಿ ಒಂದು ತಿಂಗಳು ಅಕ್ಕನ ಮನೆಯಲ್ಲೇ ಉಳಿದೆ.

ಭಾವನನ್ನು ಫೋಟೋ ನೋಡಿ ಮಾಡಿದೆ. ಅಕ್ಕನನ್ನು ಅಕ್ಕನನ್ನೇ ನೋಡಿ ಮಾಡಿದೆ. ದಿನಾ ಬೆಳಿಗ್ಗೆ ಕೆಲಸ ಮುಗಿಸಿ ಹೊಲಕ್ಕೆ ಬಂದು ಬೇವಿನ ಮರದ ಕೆಳಗೆ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದಳು. ಎದುರಿಗೆ ಬಂಡೆಗಳ ಗುಡ್ಡ, ಮೇಲೆ ಉರಿಬಿಸಿಲು. ನಾನು ಕಡ್ಡಿ ಹಿಡಿದು ಅವಳ ಹಣೆ, ಗಲ್ಲ, ಭುಜ ಅಳೆಯುತ್ತಿದ್ದೆ. ಅರವತ್ತು ವರ್ಷ ನೋಡಿದ ಮುಖ, ಆದರೆ ಅದರ ಎಡಗಡೆ ಕೆನ್ನೆ ಬಲಗಡೆಗಿಂತ ಇಳಿದಿದೆ ಎಂದು ತಿಳಿದದ್ದು ಆಗ. ನನ್ನ ಕಣ್ಣಿನ ಮೇಲೇ ನನಗೆ ಸಿಟ್ಟು ಬಂತು. ಅವಳು ಮಾತ್ರ ಚೇಷ್ಟೆ ಮಾಡುತ್ತಿದ್ದಳು. ಹೆಣ ಕೂರಿಸೋದು ಎಲ್ಲರಿಗೂ ಆಗ್ತೈತೆ, ಕೂತು ಅಭ್ಯಾಸ ಮಾಡೋದು ನನಗೊಬ್ಬಳಿಗೇ ಎನ್ನುತ್ತಿದ್ದಳು.

ಬಳೆಯ ಪ್ರಶ್ನೆ ಬಂತು. ಅವಳ ಗಾಜಿನ ಬಳೆಗಳನ್ನು ಭಾವ ಸತ್ತ ದಿನ ಒಡೆದಿದ್ದರು. ಗೊಂಬೆಗೆ ನಾನು ಕೈ ತುಂಬ ಬಳೆ ಇಟ್ಟೆ. ಜೋಡಿಯಲ್ಲಿ ಹೆಂಡತಿ ಮುತ್ತೈದೆಯೇ, ಹಾಗಾಗಿ ಯಾರೂ ಆಕ್ಷೇಪಿಸಲಿಲ್ಲ. ಕೈ ಮೊಣಕಾಲಿನ ಮೇಲೆ, ಅಂಗೈ ಮೇಲ್ಮುಖ, ನಡುವೆ ಮಡಿಲು. ಮಡಿಲನ್ನು ಸ್ವಲ್ಪ ತಗ್ಗಾಗಿ, ನಿಜವಾದ ಸೀರೆಯ ಮಡಿಲಿನಂತೆ ಮಾಡಲು ಎರಡು ದಿನ ಹಿಡಿಯಿತು. ಆ ಮಡಿಲು ಯಾವುದು ಎಂದು ನನಗೆ ಗೊತ್ತಿತ್ತು. ನಾನೇ ಅದರಲ್ಲಿ ಬೆಳೆದವನು. ಊರಿಗೂ ಗೊತ್ತಿತ್ತು. ಆ ಓಣಿಯಲ್ಲಿ ಹುಟ್ಟಿದ ಕೂಸುಗಳಿಗೆಲ್ಲ ಎರೆಯುವವಳು ಅಕ್ಕ. ಕಾಲು ನೀಡಿಕೊಂಡು ಕೂತು, ಕೂಸನ್ನು ಕಾಲ ಮೇಲೆ ಬೋರಲು ಹಾಕಿ, ಎಣ್ಣೆ ತಿಕ್ಕಿ, ಬಿಸಿನೀರು ಹೊಯ್ದು, ಮೂಗು ತೀಡಿ, ಲೋಬಾನದ ಹೊಗೆ ಕೊಟ್ಟು ತೊಟ್ಟಿಲಿಗೆ ಹಾಕಿದರೆ ಆ ಕೂಸು ಮಧ್ಯಾಹ್ನದ ತನಕ ಮಿಸುಕುತ್ತಿರಲಿಲ್ಲ. ಅವಳ ಸ್ವಂತ ಮನೆಯಲ್ಲಿ ಮಾತ್ರ ಕೂಸಿರಲಿಲ್ಲ. ಅಳಿಯನಿಗೆ ಮದುವೆಯಾಗಿ ಏಳು ವರ್ಷವಾಗಿತ್ತು. ಅವನ ಹೆಂಡತಿ ಆಗ ಬಸುರಿ, ಮೂರನೆಯ ತಿಂಗಳು. ಅಕ್ಕ ಮರದ ಕೆಳಗೆ ಕೂತು ಆಡಿದ ಮಾತಿನಲ್ಲಿ ಅರ್ಧ ಅದೇ. ನಿಮ್ಮ ಭಾವ ಇದ್ದಿದ್ದರೆ, ಎಂದು ಒಮ್ಮೆ ಶುರುಮಾಡಿ ನಿಲ್ಲಿಸಿದಳು.

ಭಾವನ ಕಣ್ಣು ಬಿಡಿಸುವ ದಿನ ಬಂತು. ನೆಂಟರು ಬರುವ ಮುಂಚೆ ಕೆಲಸ ಮುಗಿಸೋಣವೆಂದು ಬೆಳಿಗ್ಗೆ ಬೇಗ ಹೊಲಕ್ಕೆ ಹೋದೆ. ಕಣ್ಣಿಗೆ ನಾನು ಬಳಸುವುದು ಹಳೆಯ ಚಮಚದ ಹಿಡಿ, ತುದಿ ಉಜ್ಜಿ ಚೂಪು ಮಾಡಿದ್ದು. ಭಾವನ ಕಣ್ಣು ಚೆನ್ನಾಗಿ ಬಂತು. ಪಕ್ಕಕ್ಕೆ ತಿರುಗಿದರೆ ಅಕ್ಕ. ಮೇಲ್ಗಾರೆ ಇನ್ನೂ ಹಸಿ. ನಾನು ಆವರೆಗೆ ಮಾಡಿದ ಮುಖಗಳಲ್ಲಿ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಇಳಿದ ಎಡಗೆನ್ನೆ, ಚೇಷ್ಟೆಯ ತುಟಿ, ಎಲ್ಲ ಬಂದಿತ್ತು. ಕಣ್ಣಿನ ಜಾಗದಲ್ಲಿ ಮಾತ್ರ ಎರಡು ನುಣುಪಾದ ಗುಳಿ. ನನ್ನ ಕೈ ಆಗಲೇ ಆಗಾಗ ನಡುಗಲು ಶುರುವಾಗಿತ್ತು. ನಾಳೆ ಅವಳಿಗಿಂತ ಮೊದಲು ನಾನೇ ಹೋದರೆ, ಯಾವನೋ ಬಂದು ಈ ಮುಖಕ್ಕೆ ಎರಡು ಬಟನ್ ಅಂಟಿಸಿದಂತೆ ಕಣ್ಣು ಅಂಟಿಸಿ ಹೋಗುತ್ತಾನೆ ಎನ್ನಿಸಿತು. ಆ ಯೋಚನೆಯನ್ನು ತಡೆಯಲಾಗಲಿಲ್ಲ. ಪ್ರೀತಿಯಿಂದ ಮಾಡಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಪ್ರೀತಿ ಅರ್ಧ, ಜಂಬ ಅರ್ಧ. ಚಮಚದ ಹಿಡಿ ತೆಗೆದುಕೊಂಡು ಅಕ್ಕನ ಕಣ್ಣುಗಳನ್ನೂ ಬಿಡಿಸಿದೆ. ಅಂಥ ಕಣ್ಣು ನನ್ನ ಕೈಯಿಂದ ಇನ್ನೊಂದು ಬರಲಿಲ್ಲ.

ಜನ ಬಂದರು. ಮೊದಲು ನೋಡಿದವರು ಭಾವನ ಅಣ್ಣ, ಮನೆಗೆ ಹಿರಿಯರು, ಕಿವಿ ಮಂದ, ಕಣ್ಣು ಚುರುಕು. ಗೊಂಬೆಯನ್ನೇ ನೋಡುತ್ತ ನಿಂತರು, ಆಮೇಲೆ ಹಿಂದೆ ನಿಂತಿದ್ದ ಅಕ್ಕನನ್ನು ನೋಡಿದರು, ಮತ್ತೆ ಗೊಂಬೆಯನ್ನು ನೋಡಿದರು. ನಾನು ನಗುತ್ತ, ಹಸಿಯಿರುವಾಗಲೇ ಮಾಡಿದರೆ ಚೆಂದ ಎಂದೇನೋ ಹೇಳಿದೆ. ಅವರು ಅಳಿಯನ ಹೆಂಡತಿಯ ಕಡೆ ತಿರುಗಿ, 'ಎರಡು ಎಡೆ ಇಡವ್ವ. ಕಣ್ಣು ಬಿಟ್ಟಾತು' ಎಂದರು.

ಬಾಳೆ ಎಲೆ ಒಂದೇ ತಂದಿದ್ದರು. ಅದನ್ನೇ ಸೀಳಿ ಎರಡು ಮಾಡಿದರು. ಹೋಳಿಗೆ, ಅನ್ನ, ಕೋಸಂಬರಿ, ಎಲ್ಲ ಅಕ್ಕನೇ ಬೆಳಿಗ್ಗೆ ಎದ್ದು ಮಾಡಿದ್ದು. ಭಾವನ ಮುಂದೆ ಒಂದು, ಅಕ್ಕನ ಮುಂದೆ ಒಂದು. ಊದುಬತ್ತಿ ಹಚ್ಚಿದರು, ಎಲ್ಲರೂ ಕೈಮುಗಿದರು. ಅಕ್ಕ ಕೈಮುಗಿಯಲೋ ಬೇಡವೋ ತಿಳಿಯದೆ ನಿಂತಳು. ನನ್ನ ಹತ್ತಿರ ಬಂದು, ನಾನೇ ಬೇಯಿಸಿದ್ದು ನನಗೇ ಇಟ್ರು ನೋಡೋ ಎಂದು ನಕ್ಕಳು. ನಾನೂ ನಕ್ಕೆ. ಮನೆಗೆ ಬಂದು ಊಟಕ್ಕೆ ಕೂತಾಗ ಒಂದು ತಟ್ಟೆ ಕಡಿಮೆ ಬಿತ್ತು. ಅಕ್ಕನ ಪಾಲಿನದು. ಸೊಸೆ ನಾಲಿಗೆ ಕಚ್ಚಿಕೊಂಡು ಒಳಗೆ ಓಡಿ ಇನ್ನೊಂದು ತಂದಳು. ಬೇಕೆಂದು ಮಾಡಿದ್ದಲ್ಲ. ಆದರೆ ಅಕ್ಕ ಆಮೇಲೆ ನಗಲಿಲ್ಲ.

ನಾನು ಚಳ್ಳಕೆರೆಗೆ ವಾಪಸು ಬಂದೆ. ಅಲ್ಲಿ ಅಮಾವಾಸ್ಯೆ ಅಮಾವಾಸ್ಯೆಗೆ ಎರಡು ಎಡೆ ನಡೆದವು. ಅದರ ಜೊತೆಗೆ ಬೇರೆ ಸಣ್ಣ ಸಣ್ಣ ಸಂಗತಿಗಳೂ ನಡೆದವು ಎಂದು ನನಗೆ ನಿಧಾನವಾಗಿ ಗೊತ್ತಾಯಿತು. ಯಾರೂ ಅಕ್ಕನಿಗೆ ಕೆಟ್ಟ ಮಾತು ಆಡಲಿಲ್ಲ. ಅವಳ ಮೇಲೆ ಮರ್ಯಾದೆ ಹೆಚ್ಚೇ ಆಯಿತು, ಹಿರಿಯರ ಪಟಕ್ಕೆ ಕೊಡುವಂಥ ಮರ್ಯಾದೆ. ಓಣಿಯಲ್ಲಿ ಒಂದು ಕೂಸು ಹುಟ್ಟಿತು, ಎರೆಯಲು ಅಕ್ಕನನ್ನು ಕರೆಯಲಿಲ್ಲ. ಎಡೆ ಉಣ್ಣುವವಳ ಕೈ ಹಸುಗೂಸಿಗೆ ಆಗಿಬರುವುದಿಲ್ಲ ಎಂದು ಯಾರೋ ಅಂದರಂತೆ. ಅಕ್ಕ ಅದನ್ನು ತಡೆದುಕೊಂಡಳು. ತನ್ನ ಮನೆಯ ಕೂಸು ಬರಲಿ, ಆಗ ನೋಡೋಣ ಎಂದುಕೊಂಡಳು.

ಸೊಸೆ ಚಳ್ಳಕೆರೆಯ ತವರಿನಲ್ಲಿ ಹೆತ್ತಳು. ಹೆಣ್ಣುಕೂಸು. ಮೂರು ತಿಂಗಳು ತುಂಬಿದ ಮೇಲೆ ತಾಯಿ ಕೂಸನ್ನು ಅಕ್ಕನ ಊರಿಗೆ ಕರೆದುಕೊಂಡು ಹೋದರು. ಹೋದ ಹತ್ತು ದಿನಕ್ಕೆ ಅಕ್ಕ ಒಬ್ಬಳೇ ಬಸ್ಸು ಹತ್ತಿ ನನ್ನ ಮನೆಗೆ ಬಂದಳು. ಅದಕ್ಕೆ ಮುಂಚೆ ಅವಳು ಒಬ್ಬಳೇ ಬಂದದ್ದು ನನಗೆ ನೆನಪಿಲ್ಲ. ನಮ್ಮ ಓಣಿಯ ಎಣ್ಣೆ ಮಿಲ್ಲಿನ ವಾಸನೆಗೆ ಸೆರಗು ಮೂಗಿಗೆ ಹಿಡಿದುಕೊಂಡೇ ಒಳಗೆ ಬಂದು, ನೀರು ಕುಡಿದು, ಚಾಪೆಯ ಮೇಲೆ ಕೂತಳು. ಹತ್ತು ದಿನದಿಂದ ಕೂಸು ಒಂದೇ ಸೂರಿನಡಿ ಇದೆ, ಒಂದು ಸಲವೂ ಮಡಿಲಿಗೆ ಹಾಕಲಿಲ್ಲ ಎಂದಳು. ಅವಳು ತೊಟ್ಟಿಲ ಹತ್ತಿರ ಹೋದರೆ ಸೊಸೆ ಹಾಲು ಕೊಡಬೇಕು ಎಂದು ಎತ್ತಿಕೊಳ್ಳುತ್ತಾಳೆ. ಎರೆಯುವುದಕ್ಕೆ ಪಕ್ಕದ ಮನೆಯವಳು ಬರುತ್ತಾಳೆ, ಮೂಗು ತೀಡಲು ಬರುವುದಿಲ್ಲ ಅವಳಿಗೆ, ಕೂಸು ಉಸಿರು ಕಟ್ಟಿ ಅಳುತ್ತದೆ.

ಅಕ್ಕ ಸಿಟ್ಟಿನಿಂದ ಹೇಳಲಿಲ್ಲ. ಸೊಸೆಯನ್ನು ಬೈಯಲಿಲ್ಲ. ಏಳು ವರ್ಷ ಆಸ್ಪತ್ರೆ, ಗುಡಿ, ಜಟಿಂಗ ರಾಮೇಶ್ವರದ ಬೆಟ್ಟ ಹತ್ತಿ ಇಳಿದು ಹೆತ್ತವಳು, ಹೆದರ್ತಾಳೆ ಎಂದಳು. ಆಮೇಲೆ ನನ್ನ ಎರಡೂ ಕೈ ಹಿಡಿದುಕೊಂಡಳು.

'ಲೇ ತಮ್ಮ, ನೀನೇ ಬಿಡ್ಸಿದ್ದು, ನೀನೇ ಮುಚ್ಚು. ನನಗೆ ಮಂಟಪ ಬ್ಯಾಡ, ಬಳೆ ಬ್ಯಾಡ. ಕೂಸಿಗೆ ಒಂದು ಸಲ ಎರೀಬೇಕು. ಅಷ್ಟೇಯ.'

ನಾನು ಮರುದಿನವೇ ಸಿಮೆಂಟು, ಕರಣೆ ಚೀಲಕ್ಕೆ ಹಾಕಿಕೊಂಡು ಅಕ್ಕನ ಜೊತೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಎಲ್ಲರನ್ನೂ ಬೈಯುತ್ತಿದ್ದೆ. ಹೊಲಕ್ಕೆ ಹೋಗುವಷ್ಟರಲ್ಲಿ ಸುದ್ದಿ ಹರಡಿ ಹತ್ತಿಪ್ಪತ್ತು ಜನ ಸೇರಿದ್ದರು. ಭಾವನ ಅಣ್ಣ ಕೋಲು ಊರಿಕೊಂಡು ಮಂಟಪದ ಮೆಟ್ಟಿಲಲ್ಲಿ ನಿಂತಿದ್ದರು.

'ಬಿಟ್ಟ ಕಣ್ಣು ಮುಚ್ಚೋದು ಹೆಣಕ್ಕೆ ಮೇಷ್ಟ್ರೇ. ಓದಿದೋರು ನೀವು, ಯೋಚನೆ ಮಾಡ್ರಿ' ಎಂದರು.

ಅವರ ದನಿಯಲ್ಲಿ ಜಬರ್ದಸ್ತಿ ಇರಲಿಲ್ಲ, ಅದೇ ನನ್ನನ್ನು ಕೆಣಕಿತು. ಸಿಮೆಂಟಿಗೆ ಹೆಣ ಯಾವುದು ಜೀವ ಯಾವುದು ಎಂದು ಕೂಗಾಡಿದೆ. ನನ್ನ ಗೊಂಬೆ, ನನ್ನ ಅಕ್ಕ, ತಡೆಯುವುದಕ್ಕೆ ನೀವು ಯಾರು ಎಂದೆ. ಹಿರಿಯ ಮನುಷ್ಯರಿಗೆ ಹಾಗೆ ಮಾತಾಡಬಾರದಿತ್ತು. ಅವರು ಪಕ್ಕಕ್ಕೆ ಸರಿದರು. ನಾನು ಗಾರೆ ಕಲಸಿದೆ, ಬೆರಳ ತುಂಬ ತೆಗೆದುಕೊಂಡು ಕಣ್ಣಿನ ಗೀರುಗಳಿಗೆ ತುಂಬಿದೆ. ಕರಣೆಯಿಂದ ನುಣುಪಾಗಲಿಲ್ಲ. ಆದ್ದರಿಂದ ಎರಡು ಹೆಬ್ಬೆರಳುಗಳನ್ನೂ ರೆಪ್ಪೆಯ ಮೇಲಿಟ್ಟು, ಮೇಲಿನಿಂದ ಕೆಳಕ್ಕೆ ಮೆತ್ತಗೆ ಸವರಿದೆ.

ಹಿಂದಿನಿಂದ ಒಬ್ಬ ಹೆಂಗಸಿನ ಬಿಕ್ಕು ಕೇಳಿಸಿತು. ನನಗೆ ಆಗ ಹೊಳೆಯಿತು. ಅವರೆಲ್ಲ ತಮ್ಮ ತಮ್ಮ ಮನೆಯಲ್ಲಿ ಅದೇ ಎರಡು ಹೆಬ್ಬೆರಳು ಅದೇ ರೀತಿ ಇಳಿಯುವುದನ್ನು ನೋಡಿದವರು.  ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಗಿತ್ತು ನನ್ನ ಕೆಲಸ. ಜನ ಒಬ್ಬೊಬ್ಬರಾಗಿ ಊರ ಕಡೆ ಹೊರಟರು. ಮನೆಗೆ ಹೋಗಿ ಎಲ್ಲರೂ ತಲೆಗೆ ನೀರು ಹಾಕಿಕೊಂಡರು ಎಂದು ಆಮೇಲೆ ತಿಳಿಯಿತು, ಮಣ್ಣಿಗೆ ಹೋಗಿ ಬಂದವರಂತೆ. ಸೊಸೆಯೂ ಕೂಸಿನ ತಲೆಗೆ ಒಂದು ಚೊಂಬು ಹಾಕಿದ್ದಳು.

ಅಕ್ಕ ಮರದ ಕೆಳಗೆ, ತಾನು ದಿನಾ ಕೂರುತ್ತಿದ್ದ ಜಾಗದಲ್ಲಿ ನಿಂತು ನೋಡುತ್ತಿದ್ದಳು. ಆಯಿತೇನೋ ಎಂದು ಕೇಳಿದಳು. ಆಯಿತು ಎಂದೆ. ಇಬ್ಬರೂ ಹೊಲದ ಬದುವಿನ ಮೇಲೆ ನಡೆದು ಮನೆಗೆ ಬಂದೆವು. ದಾರಿಯಲ್ಲಿ ಎದುರಾದ ಒಬ್ಬ ಮುದುಕಿ ಅಕ್ಕನನ್ನು ಕಂಡು ದಾರಿ ಬಿಟ್ಟು ಶೇಂಗಾ ಸಾಲಿನೊಳಗೆ ಇಳಿದಳು.

ಆ ದಿನ ಸಂಜೆಯೇ ನಾನು ಇನ್ನೊಂದು ಕೆಲಸ ಮಾಡಿದೆ. ಸೊಸೆ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಳು. ಅಕ್ಕ ಪಡಸಾಲೆಯಲ್ಲಿ ಗೋಡೆಗೊರಗಿ ಕಾಲು ನೀಡಿಕೊಂಡು ಕೂತಿದ್ದಳು, ಎರೆಯಲು ಕೂತವಳಂತೆಯೇ. ನಾನು ಸೀದಾ ಹೋಗಿ ತೊಟ್ಟಿಲಿನಿಂದ ಕೂಸನ್ನು ಎತ್ತಿದೆ. ಬಿಸಿ ಬಿಸಿ ಮೈ, ಹಾಲಿನ ವಾಸನೆ. ಯಾರು ಏನಂದರೂ ನೋಡಿಕೊಳ್ಳುತ್ತೇನೆ ಎಂದು ಅಕ್ಕನ ಕಾಲ ಮೇಲೆ ಮಲಗಿಸಲು ಬಗ್ಗಿದೆ.

ಅಕ್ಕ ಕಾಲು ಮಡಚಿಕೊಂಡಳು. ಎರಡೂ ಕೈಗಳನ್ನು ಸೆರಗಿನ ಒಳಗೆ ಎಳೆದುಕೊಂಡು ಗೋಡೆಗೆ ಒತ್ತಿಕೊಂಡಳು.

'ಬ್ಯಾಡ ಕಣೋ. ಎತ್ಕೊಂಡ್ ಹೋಗು. ಕೂಸಿಗೆ ಏನಾದ್ರೂ ಆದ್ರೆ?'

 ಊರಿನವರು ನಂಬಿದ್ದನ್ನು ತಡೆದುಕೊಂಡಿದ್ದೆ, ಭಾವನ ಅಣ್ಣ ನಂಬಿದ್ದನ್ನು, ಸೊಸೆ ನಂಬಿದ್ದನ್ನು. ಅಕ್ಕನೂ ನಂಬಿಬಿಟ್ಟಿದ್ದಾಳೆ ಎಂಬುದು ಮಾತ್ರ ನನ್ನ ಎದೆಗೆ ಬಡಿಯಿತು. ಹೊಲದಲ್ಲಿ ನನ್ನ ಹೆಬ್ಬೆರಳು ಇಳಿದಾಗ ಅವಳಿಗೆ ಏನನ್ನಿಸಿತೋ ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಕೂಸನ್ನು ತೊಟ್ಟಿಲಿಗೆ ಹಾಕಿ ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ. ಸೊಸೆ ಬಟ್ಟೆಯ ಬುಟ್ಟಿ ಹಿಡಿದು ಹಿತ್ತಲ ಬಾಗಿಲಲ್ಲಿ ನಿಂತಿದ್ದಳು, ಎಲ್ಲವನ್ನೂ ನೋಡಿದ್ದಳು. ಅವಳ ಕಣ್ಣಿನಲ್ಲೂ ನೀರಿತ್ತು.

ಅದೇ ಚಳಿಗಾಲದಲ್ಲಿ ಅಕ್ಕನಿಗೆ ಜ್ವರ ಬಂತು. ಮೊಳಕಾಲ್ಮೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು, ಔಷಧಿ ಕೊಟ್ಟರು, ಇಳಿಯಿತು, ಮತ್ತೆ ಬಂತು. ಡಾಕ್ಟರು ಶ್ವಾಸಕೋಶ ಎಂದರು. ಎಪ್ಪತ್ಮೂರು ವರ್ಷದವಳು, ಚಳಿಗೆ ಹೋಗುವುದು ಹೊಸದೇನಲ್ಲ. ಗೊಂಬೆಯ ಕಣ್ಣಿನಿಂದಲೇ ಹೋದಳು ಎಂದು ಊರು ಅಂದುಕೊಂಡರೆ ನಾನು ಒಪ್ಪುವುದಿಲ್ಲ. ಆದರೆ ಹೋಗುವ ಮೊದಲಿನ ಆ ಹತ್ತು ತಿಂಗಳು ಅವಳನ್ನು ಬದುಕಿದವರ ಪಂಕ್ತಿಯಿಂದ ಎಬ್ಬಿಸಿದವನು ನಾನು, ಅದನ್ನು ಒಪ್ಪುತ್ತೇನೆ. ನಾನು ಹೋಗಿ ಮುಟ್ಟುವಷ್ಟರಲ್ಲಿ ಯಾರೋ ಕಣ್ಣು ಮುಚ್ಚಿದ್ದರು. ಅದೊಂದು ಉಪಕಾರ ಮಾಡಿದರು.

ಮಂಟಪದ ಚಪ್ಪಡಿ ಎಬ್ಬಿಸಿ, ಅವಳ ಗೊಂಬೆಯ ನೇರ ಕೆಳಗೆ ಅವಳನ್ನು ಕೂರಿಸಿದರು. ಚೆನ್ನಾಗಿ ಕೂತಳು. ಅಭ್ಯಾಸವಿತ್ತಲ್ಲ.

ಹನ್ನೊಂದನೆಯ ದಿನ ಅಳಿಯ ನನ್ನ ಹತ್ತಿರ ಬಂದು ಕಣ್ಣು ಬಿಡಿಸಿ ಮಾವ ಎಂದ. ಈಗ ಅದು ನ್ಯಾಯವಾದ ಮಾತು, ಯಾರೂ ಆಡಿಕೊಳ್ಳುವಂತಿರಲಿಲ್ಲ. ಚಮಚದ ಹಿಡಿ ಕೈಯಲ್ಲಿ ಹಿಡಿದೆ. ಮತ್ತೆ ಚೀಲಕ್ಕೆ ಹಾಕಿದೆ. ಅಮಾವಾಸ್ಯೆಗೆ ಬರುತ್ತೇನೆ ಎಂದು ಹೇಳಿ ಹೊರಟುಬಿಟ್ಟೆ. ಹಾಗೆಯೇ ಒಂದೊಂದಾಗಿ ಆರೇಳು ಅಮಾವಾಸ್ಯೆ ತಪ್ಪಿಸಿದೆ. ಕೊನೆಗೆ ಭಾದ್ರಪದದ ದೊಡ್ಡ ಅಮಾವಾಸ್ಯೆಗೆ, ಹಿರಿಯರಿಗೆಲ್ಲ ಎಡೆ ಇಡುವ ದಿನ, ಮನಸ್ಸು ಗಟ್ಟಿ ಮಾಡಿ ಹೋದೆ.

ಹೊಲದಲ್ಲಿ ಎಲೆ ಹಾಸಿತ್ತು. ಒಂದೇ ಎಲೆ, ಭಾವನ ಮುಂದೆ. ಅಕ್ಕನ ಮುಂದೆ ಬರೀ ನೆಲ. ಅಕ್ಕನಿಗೆ ಯಾಕಿಲ್ಲ ಎಂದು ಕೇಳಿದೆ. ಕಣ್ಣಿಲ್ಲದವರಿಗೆ ಹೆಂಗೆ ಇಡೋದು ಮಾವ ಎಂದಳು ಸೊಸೆ, ತಪ್ಪು ಮಾಡಿದವಳಂತೆ ತಲೆ ತಗ್ಗಿಸಿ. ಬದುಕಿದ್ದಾಗ ಎಡೆ ಇಟ್ಟರು, ಸತ್ತ ಮೇಲೆ ಎಡೆ ಇಲ್ಲ. ಎರಡೂ ನನ್ನ ಕೈ ಮಾಡಿದ್ದು. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ, ಇಲ್ಲಿ ಮಾಡಿದವನು ನಾನು, ಉಣ್ಣದೆ ಕೂತವಳು ಅಕ್ಕ. ಚೀಲ ಬಿಚ್ಚಿ ಗಾರೆ ಕಲಸತೊಡಗಿದೆ.

ಕೂಸು ಅಲ್ಲೇ ಆಡುತ್ತಿತ್ತು. ವರ್ಷ ತುಂಬಿ ಆಗಲೇ ಹೆಜ್ಜೆ ಹಾಕುತ್ತಿತ್ತು. ಕಟ್ಟೆ ಹಿಡಿದು ಹತ್ತಿ ಮೊದಲು ಭಾವನ ಗೊಂಬೆಯ ಕಡೆ ಹೋಯಿತು. ಸೊಸೆ ಕೈಯಲ್ಲಿದ್ದ ಪಾತ್ರೆ ಬಿಟ್ಟು ಓಡಿಬಂದು ಅದನ್ನು ಎಳೆದುಕೊಂಡಳು, ತಾತ ಉಣ್ಣುವಾಗ ಹತ್ತಿರ ಹೋಗಬಾರದು ಎಂದು ಗದರಿದಳು. ಕೆಳಗೆ ಬಿಟ್ಟ ಕೂಡಲೇ ಕೂಸು ಮತ್ತೆ ಹತ್ತಿತು. ಈ ಸಲ ಅಕ್ಕನ ಕಡೆ. ಸಿಮೆಂಟಿನ ಬಳೆ ಹಿಡಿದು, ಮೊಣಕಾಲು ಊರಿ, ಮಡಿಲಿನ ತಗ್ಗಿಗೆ ಇಳಿದು ಕೂತುಕೊಂಡಿತು. ಅಳತೆ ತೆಗೆದು ಮಾಡಿದ ಹಾಗೆ ಹಿಡಿಸಿತು. ಬೆನ್ನು ಅಕ್ಕನ ಹೊಟ್ಟೆಗೆ ಕೊಟ್ಟು, ಕಾಲು ಆಡಿಸುತ್ತ, ನನ್ನನ್ನೇ ನೋಡಿತು.

ನಾನು ಸೊಸೆಯ ಕಡೆ ತಿರುಗಿದೆ. ಅವಳು ಎಲೆಗೆ ಅನ್ನ ಹಾಕುತ್ತಿದ್ದಳು. ಒಮ್ಮೆ ನೋಡಿ, ಮತ್ತೆ ಕೆಲಸಕ್ಕೆ ಬಗ್ಗಿದಳು.

'ಇರ್ಲಿ ಬಿಡ್ರಿ ಮಾವ. ಕಣ್ಣಿಲ್ಲದ ಗೊಂಬೆ, ಏನೂ ಆಗಲ್ಲ. ದಿನಾ ಅಲ್ಲೇ ಕೂರ್ತಾಳೆ' ಎಂದಳು.

ಕಲಸಿದ ಗಾರೆಯನ್ನು ಬೇವಿನ ಬುಡಕ್ಕೆ ಸುರಿದೆ. ಚಮಚದ ಹಿಡಿಯನ್ನು ಒರೆಸಿ ಚೀಲಕ್ಕೆ ಹಾಕಿಕೊಂಡೆ.

ಈಗಲೂ ಅಮಾವಾಸ್ಯೆ ಹತ್ತಿರ ಬಂದರೆ ಅಳಿಯ ಫೋನು ಮಾಡುತ್ತಾನೆ. ಕೈ ನಡುಗುತ್ತದೆ ಕಣಪ್ಪ, ಇನ್ನು ನನ್ನಿಂದ ಆಗುವುದಿಲ್ಲ ಎನ್ನುತ್ತೇನೆ, ಅದು ಸುಳ್ಳೂ ಅಲ್ಲ. ಬೇರೆಯವರನ್ನು ಕರೆಸಲೇ ಎಂದರೆ ಮಾತ್ರ ಬೈಯುತ್ತೇನೆ. ಕೂಸು ದೊಡ್ಡದಾಗಿ ಆ ಮಡಿಲಿಗೆ ಹಿಡಿಸದಷ್ಟು ಆಗುವವರೆಗೆ ಅಕ್ಕ ಹಸಿದುಕೊಂಡೇ ಕೂತಿರಲಿ.